ಹಳೆಯ ಪಟ್ಟಿ, ಸರಿದ ಆಕಾಶ

ದೂರದರ್ಶಕ ಕೊಂಡ ಮೊದಲ ಬೇಸಿಗೆಯಲ್ಲೇ ಹಲವರು ಹಳೆಯ ನೀಹಾರಿಕೆ ಪಟ್ಟಿಗಳನ್ನು ಬಿಡಿಸುತ್ತಾರೆ. ಅಂಕಿ ನೋಡಿ ಕೊಳವೆ ತಿರುಗಿಸುತ್ತಾರೆ, ಅರ್ಧ ಗಂಟೆ ತಡಕಾಡುತ್ತಾರೆ, ಕೊನೆಗೆ ಊರಿನ ದೀಪಗಳನ್ನು ಬೈದು ಮಲಗುತ್ತಾರೆ. ದೀಪಗಳ ಪಾಲೂ ಇದೆ, ನಿಜ. ಆದರೆ ಬಹಳ ಸಲ ಎಡವಟ್ಟಾಗಿರುವುದು ಅಂಕಿಯಲ್ಲೇ.

ಮೆಸ್ಸಿಯೆ, ಹರ್ಷೆಲ್ ಮುಂತಾದ ಹಳೆಯ ವೀಕ್ಷಕರು ಕಂಡ ಮಸುಕು ಕಾಯಗಳನ್ನು ಖಗೋಳಜ್ಞ ಡ್ರೇಯರ್ 1888ರಲ್ಲಿ 7,840 ನಮೂದುಗಳ ನ್ಯೂ ಜನರಲ್ ಕ್ಯಾಟಲಾಗ್, ಅಂದರೆ ‘ಎನ್‌ಜಿಸಿ’ಯಾಗಿ ಒಟ್ಟುಗೂಡಿಸಿದ. ಇತಿಹಾಸ ಇಷ್ಟು ಸಾಕು.

ಅಂಕಿ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಉದಾಹರಣೆ ಸಿಂಹರಾಶಿಯ ಎನ್‌ಜಿಸಿ 3628. ಮೆಸ್ಸಿಯೆ 1780ರಲ್ಲಿ ನೆರೆಯ ಎಂ65, ಎಂ66 ಗೆಲಾಕ್ಸಿಗಳನ್ನು ತನ್ನ ‘ಎಂ’ ಪಟ್ಟಿಗೆ ಸೇರಿಸಿಯೂ ಇದನ್ನು ಬಿಟ್ಟುಬಿಟ್ಟ. 1784ರ ಏಪ್ರಿಲ್ 8ರಂದು ಇದು ಹರ್ಷೆಲ್ ಕಣ್ಣಿಗೆ ಬಿತ್ತು. ಡ್ರೇಯರ್ ಕೊಡುವ ಸ್ಥಾನ: ವಿಷುವದಂಶ 11 ಗಂಟೆ 13 ನಿಮಿಷ, ಪಕ್ಕದ ಅಂಕಣದಲ್ಲಿ 75 ಡಿಗ್ರಿ 39 ಆರ್ಕ್‌ಮಿನಿಟ್. ಈ ಎರಡನೆಯದು ಉತ್ತರ ಧ್ರುವದಿಂದ ಅಳೆದ ದೂರ. 90ರಿಂದ ಕಳೆದರೆ ಸಿಗುವ ಡೆಕ್ಲಿನೇಷನ್ 14 ಡಿಗ್ರಿ 21 ಆರ್ಕ್‌ಮಿನಿಟ್.

ಅಷ್ಟಕ್ಕೇ ಕೊಳವೆ ತಿರುಗಿಸಿದರೆ ಕೆಟ್ಟಿತು. ಈ ಅಂಕಿಗಳು 1860ರ ಆಕಾಶಕ್ಕೆ ಸೇರಿದವು. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದರಿಂದ ವಿಷುವಬಿಂದು ವರ್ಷಕ್ಕೆ ಸುಮಾರು 50 ಆರ್ಕ್‌ಸೆಕೆಂಡ್ ಹಿಂದೆ ಸರಿಯುತ್ತದೆ. ಪಂಚಾಂಗದ ಅಯನಾಂಶ ಬೆಳೆಯುವುದೂ ಇದರಿಂದಲೇ. 1860ರಿಂದ 2000ದವರೆಗಿನ 140 ವರ್ಷಕ್ಕೆ ಈ ಸರಿತ ಹತ್ತಿರ ಹತ್ತಿರ ಎರಡು ಡಿಗ್ರಿ, ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿಟ್ಟಷ್ಟು. ಸಾಮಾನ್ಯ ದೂರದರ್ಶಕದ ಕಡಿಮೆ ವರ್ಧನೆಯ ಐಪೀಸ್‌ನಲ್ಲಿ ಕಾಣುವ ಆಕಾಶವೇ ಒಂದು ಡಿಗ್ರಿ ಆಸುಪಾಸು! 2000ದ ಲೆಕ್ಕದಲ್ಲಿ ಈ ಗೆಲಾಕ್ಸಿ ಇರುವುದು 11 ಗಂಟೆ 20 ನಿಮಿಷ, 13 ಡಿಗ್ರಿ 35 ಆರ್ಕ್‌ಮಿನಿಟ್‌ನಲ್ಲಿ. ಹಳೆಯ ಅಂಕಿ ನಂಬಿದವರಿಗೆ ಇದೂ ಇಲ್ಲ, ಎಂ65 ಕೂಡ ಇಲ್ಲ. 1950ರ ಲೆಕ್ಕದ ನಕ್ಷೆಗಳೂ ಬಳಕೆಯಲ್ಲಿವೆ. ಯಾವ ಪಟ್ಟಿಯಾದರೂ ಮೊದಲು ಅದರ ವರ್ಷ ಹುಡುಕಬೇಕು, ಆಮೇಲೆ ತಂತ್ರಾಂಶದಲ್ಲಿ ಒಂದೇ ಒಂದು ಸಲ ಪರಿವರ್ತಿಸಬೇಕು. ಉತ್ಸಾಹದಲ್ಲಿ ಎರಡು ಸಲ ಪರಿವರ್ತಿಸಿ ಇನ್ನೊಂದು ಬದಿಗೆ ಜಾರುವವರೂ ಇದ್ದಾರೆ.

ಅಂಕಿಯ ಗೊಡವೆಯೇ ಬೇಡವೆನ್ನುವವರಿಗೆ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ದಾರಿಯಿದೆ. ಹುಬ್ಬಾ ನಕ್ಷತ್ರದ ಎರಡು ತಾರೆಗಳಲ್ಲಿ ಒಂದು ಥೀಟಾ ಲಿಯೋನಿಸ್. ಅಲ್ಲಿಂದ ಅದೇ ರಾಶಿಯ ಅಯೋಟಾ ತಾರೆಗೆ ಗೆರೆ ಎಳೆದರೆ ನಟ್ಟನಡುವೆ ಎಂ65, ಎಂ66 ಸಿಗುತ್ತವೆ. ಎಂ66ರಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಉತ್ತರಕ್ಕೆ, ಉದ್ದನೆಯ ಮಸುಕು ಗೀರು: ಅದೇ 3628. ಬೆಳಕೆಲ್ಲ ಉದ್ದಕ್ಕೂ ಹರಡಿರುವುದರಿಂದ ಪುಸ್ತಕದ ಕಾಂತಿಮಾನ ನೋಡಿ ಅಂದಾಜು ಮಾಡಿದರೆ ಮೋಸ ಹೋಗುವುದು ಖಂಡಿತ. ಹರ್ಷೆಲ್‌ನ ‘ಪ್ರಕಾಶಮಾನ’ ಎಂಬ ಮಾತೂ ಅಷ್ಟೇ. ಅವನ ಕನ್ನಡಿ 18.7 ಇಂಚಿನದು, ಇಲ್ಲಿನ ಹವ್ಯಾಸಿಗಳದ್ದು ಆರೋ ಎಂಟೋ. ಪಟ್ಟಿಯಲ್ಲಿ ಇನ್ನೊಂದು ಗೊಂದಲವಿದೆ, ಒಂದೇ ಗೆಲಾಕ್ಸಿಗೆ ಎರಡು ಸಂಖ್ಯೆ ಬಿದ್ದಿರುವುದೂ ಉಂಟು: ಎನ್‌ಜಿಸಿ 6 ಮತ್ತು ಎನ್‌ಜಿಸಿ 20 ಬೇರೆ ಬೇರೆಯಲ್ಲ.

ಬೆಂಗಳೂರಿನ ಅಕ್ಷಾಂಶದಲ್ಲಿ ಸಿಂಹರಾಶಿಯ ಈ ಮೂರೂ ಗೆಲಾಕ್ಸಿಗಳು ಏಪ್ರಿಲ್ ಕೊನೆಗೆ ರಾತ್ರಿ ಒಂಬತ್ತರ ಸುಮಾರಿಗೆ ನಡುನೆತ್ತಿಗೆ ಬರುತ್ತವೆ. ನೆತ್ತಿಯ ಮೇಲೆ ಡಾಬ್ಸೋನಿಯನ್ ದೂರದರ್ಶಕ ತಿರುಗಿಸುವುದು ಹಿಂಸೆ. ಒಂದು ಗಂಟೆ ತಡೆದರೆ ಒಳ್ಳೆಯದು. ನಗರದಿಂದಾಚೆ, ಚಂದ್ರನಿಲ್ಲದ ರಾತ್ರಿ, ಅರ್ಧ ಗಂಟೆ ಮೊಬೈಲ್ ಮುಟ್ಟದೆ ಕತ್ತಲಿಗೆ ಕಣ್ಣು ಪಳಗಿಸಬೇಕು. ಕಾಯವನ್ನು ನೇರವಾಗಿ ದಿಟ್ಟಿಸದೆ ಓರೆಗಣ್ಣಲ್ಲಿ ನೋಡಬೇಕು. ಕೊಳವೆಯನ್ನು ಮೆಲ್ಲಗೆ ತಟ್ಟಿದರೆ ಅಲುಗುವ ಮಸುಕು ಬೇಗ ಗೋಚರಿಸುತ್ತದೆ. ಕಂಡದ್ದನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟು, ಫೋಟೊ ಜೊತೆ ಹೋಲಿಕೆ ಮರುದಿನ.