ಕಾರಿಗೆ ಕಾರು ತಾಗಿದಾಗ ರಾಜಿ ಮಾಡಿಕೊಳ್ಳುವ ಮುನ್ನ

ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹಿಂದಿನ ಕಾರು ಮುಂದಿನದಕ್ಕೆ ತಾಗಿ ಬಂಪರ್ ಸೀಳುತ್ತದೆ. ಹಿಂದೆ ಹಾರನ್, ಸುತ್ತ ಜನ. ‘ಹೋಗ್ಲಿ ಬಿಡಿ ಸಾರ್, ಏನೋ ಕೊಟ್ಟು ಹೊರಡಿ’ ಎಂದು ಯಾರೋ ಪಂಚಾಯಿತಿಗೆ ಇಳಿಯುತ್ತಾರೆ. ಆ ಗಡಿಬಿಡಿಯಲ್ಲಿ ಕೈಗಿಟ್ಟ ದುಡ್ಡಿಗೆ ಲೆಕ್ಕವೂ ಇರುವುದಿಲ್ಲ, ಸಾಕ್ಷಿಯೂ ಇರುವುದಿಲ್ಲ.

ಮೊದಲು ಎರಡೂ ಕಾರಿನವರಿಗೆ ಪೆಟ್ಟಾಗಿದೆಯೇ ವಿಚಾರಿಸಿ. ಕತ್ತುನೋವು, ತಲೆಸುತ್ತು ಕೆಲವೊಮ್ಮೆ ಮರುದಿನ ಕಾಣಿಸಿಕೊಳ್ಳುತ್ತದೆ. ಯಾರಿಗೇ ಗಾಯವಾಗಿದ್ದರೂ, ಬೈಕ್ ಸವಾರ ಬಿದ್ದು ಎದ್ದು ‘ಏನಿಲ್ಲ’ ಎಂದರೂ ರಾಜಿಯ ಮಾತು ಬೇಡ. ಚಾಲಕ ಕುಡಿದಿದ್ದರೆ, ಲೈಸೆನ್ಸ್ ಅಥವಾ ವಿಮೆ ಇಲ್ಲದಿದ್ದರೆ, ಜನ ಬೆದರಿಸಿ ದುಡ್ಡು ಕೇಳಿದರೆ 112ಕ್ಕೆ ಕರೆ ಮಾಡಿ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು ಚಾಲಕನ ಹೊಣೆ. ಬೇರೆಯವರ ಆಸ್ತಿಗೆ ಹಾನಿಯಾದಾಗಲೂ ಈ ಕಲಂ ಅನ್ವಯಿಸುತ್ತದೆ. ರಾಜಿಯಾಯಿತೆಂದು ಆ ಹೊಣೆ ತಾನಾಗಿ ಕಳಚುವುದಿಲ್ಲ. ಎದುರಿನವರು ಪೊಲೀಸರು ಬರಲಿ ಎಂದರೆ ತಡೆಯಲೇಬೇಡಿ.

ಬರೀ ಗೀರು, ತಗ್ಗು ಎಂದು ಖಾತ್ರಿಯಾದರೆ ಎರಡೂ ನಂಬರ್ ಪ್ಲೇಟ್ ಒಟ್ಟಿಗೆ ಕಾಣುವಂತೆ ಫೋಟೊ ತೆಗೆದು, ಹಾನಿಯನ್ನು ಹತ್ತಿರದಿಂದ ಸೆರೆಹಿಡಿದು, ಕಾರುಗಳನ್ನು ಬದಿಗೆ ಸರಿಸಿ. ಲೈಸೆನ್ಸ್ ನೋಡಿಕೊಳ್ಳಿ, ಎಂ-ಪರಿವಾಹನ್ ಆ್ಯಪ್‌ನಲ್ಲಿ ವಾಹನದ ನಂಬರ್ ಹಾಕಿ ವಿಮೆ ಚಾಲ್ತಿಯಲ್ಲಿದೆಯೇ ಪರೀಕ್ಷಿಸಿ. ತಪ್ಪು ಯಾರದೆಂಬ ವಾದ ರಸ್ತೆಯಲ್ಲಿ ಬಗೆಹರಿಯುವುದಿಲ್ಲ, ಅದನ್ನು ಬೆಳೆಸಬೇಡಿ.

ಮೊತ್ತವನ್ನು ಸ್ಥಳದಲ್ಲೇ ನಿರ್ಧರಿಸಬೇಡಿ. ಈಗಿನ ಎಷ್ಟೋ ಬಂಪರ್‌ಗಳಲ್ಲಿ ಸೆನ್ಸರ್, ಕೆಲವುದರಲ್ಲಿ ಕ್ಯಾಮೆರಾ ಇರುತ್ತವೆ. ಹೊರಗೆ ಗೀರಷ್ಟೇ ಕಂಡರೂ ಒಳಗಿನ ಕ್ಲಿಪ್ ಮುರಿದಿರಬಹುದು. ಗ್ಯಾರೇಜಿಗೆ ಒಯ್ದು ಟಿಂಕರಿಂಗ್, ಪೇಂಟಿಂಗ್ ಎರಡಕ್ಕೂ ಲಿಖಿತ ಎಸ್ಟಿಮೇಟ್ ಪಡೆಯಿರಿ. ಆಮೇಲೆ ವಿಮೆಯ ಲೆಕ್ಕ ಹಾಕಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಶೇ 20ರಿಂದ 50ರವರೆಗೆ ಏರುತ್ತದೆ. ಸ್ವಂತ ಹಾನಿಗೆ ಒಮ್ಮೆ ಕ್ಲೇಮ್ ಮಾಡಿದರೆ, ಬೋನಸ್ ರಕ್ಷಣೆಯ ಆ್ಯಡ್-ಆನ್ ಇಲ್ಲದಿದ್ದಲ್ಲಿ, ಮುಂದಿನ ನವೀಕರಣದಲ್ಲಿ ಅದು ಸೊನ್ನೆ. ಸ್ವಂತ ಹಾನಿಯ ಪ್ರೀಮಿಯಂ ₹12,000 ಇದ್ದು ಶೇ 50 ರಿಯಾಯಿತಿ ಪಡೆಯುತ್ತಿದ್ದವರಿಗೆ ಒಂದೇ ವರ್ಷದಲ್ಲಿ ₹6,000 ನಷ್ಟ. ಹಳೆಯ ಮಟ್ಟಕ್ಕೆ ಮರಳಲು ವರ್ಷಗಳೇ ಬೇಕು. ರಿಪೇರಿ ನಾಲ್ಕೈದು ಸಾವಿರದ್ದಾದರೆ ರಾಜಿಯೇ ಲೇಸು ಎಂಬುದು ನನ್ನ ಅಭಿಪ್ರಾಯ. ಖರ್ಚು ದೊಡ್ಡದಿದ್ದರೆ ಮೊದಲು ವಿಮಾ ಕಂಪನಿಗೆ ತಿಳಿಸಿ. ಅದರ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಂಡು ಹಣ ಕೊಡುವುದು ಪಾಲಿಸಿಯ ಷರತ್ತಿಗೆ ವಿರುದ್ಧ. ಎದುರಿನವರಿಂದ ಹಣ ಪಡೆದು ಅದೇ ಹಾನಿಗೆ ಕ್ಲೇಮ್ ಹಾಕುವುದಂತೂ ವಂಚನೆ.

ಒಪ್ಪಂದವನ್ನು ಇಬ್ಬರಿಗೂ ಓದಲು ಬರುವ ಭಾಷೆಯಲ್ಲಿ ಬರೆಯಿರಿ. ದಿನಾಂಕ, ಸಮಯ, ಸ್ಥಳ, ಎರಡೂ ವಾಹನಗಳ ಸಂಖ್ಯೆ, ಹಾನಿಯ ವಿವರ ಇರಲಿ. ಅದರ ಕೆಳಗೆ ಹೀಗೆ ಸೇರಿಸಿ: ‘ಯಾರಿಗೂ ಗಾಯವಾಗಿಲ್ಲ. ಈ ವಾಹನದ ಹಾನಿಗೆ ಇಷ್ಟು ರೂಪಾಯಿಯನ್ನು ಪೂರ್ಣ ಹಾಗೂ ಅಂತಿಮ ಪರಿಹಾರವಾಗಿ ಪಡೆದಿದ್ದೇನೆ. ಇದೇ ಹಾನಿಗೆ ಮತ್ತೆ ಹಣ ಕೇಳುವುದಿಲ್ಲ.’ ಕಾರು ಓಡಿಸುತ್ತಿದ್ದವರು ಡ್ರೈವರ್ ಆಗಿದ್ದರೆ ಮಾಲೀಕರ ಸಹಿಯೇ ಬೇಕು. ಸಾಕ್ಷಿಯೊಬ್ಬರ ಸಹಿಯೂ ಇದ್ದರೆ ಒಳ್ಳೆಯದು. ಹಣವನ್ನು ಯುಪಿಐ ಮೂಲಕವೇ ಕಳುಹಿಸಿ, ಟಿಪ್ಪಣಿಯಲ್ಲಿ ವಾಹನ ಸಂಖ್ಯೆ ನಮೂದಿಸಿ.

ಇಂಥ ಹಾನಿಯ ವ್ಯಾಜ್ಯ ತಡವಾಗಿಯೂ ಏಳಬಹುದು. ಪತ್ರ, ಫೋಟೊ, ಪಾವತಿಯ ರಸೀದಿಯನ್ನು ಕೆಲವು ವರ್ಷ ಜೋಪಾನವಾಗಿಡಿ.