ಕಾವಲು ಕ್ಯಾಮೆರಾ ಮತ್ತು ಅದರ ಪರಿಭಾಷೆ

ಕೋಲಾರದ ಟೊಮೆಟೊ ಮಾರುಕಟ್ಟೆ, ಮಾಲೂರಿನ ಕೈಗಾರಿಕಾ ಪ್ರದೇಶ, ಮುಳಬಾಗಿಲಿನ ಹೆದ್ದಾರಿ, ಶ್ರೀನಿವಾಸಪುರದ ಮಾವಿನ ಮಂಡಿ, ಎಲ್ಲಿ ನಿಂತು ತಲೆಯೆತ್ತಿದರೂ ಇಂದು ಒಂದು ಕಾವಲು ಕ್ಯಾಮೆರಾ ಕಾಣುತ್ತದೆ. ಯಂತ್ರವೇನೋ ಬಂದಿತು, ಅದರೊಡನೆ ಬಂದ ಮಾತುಗಳನ್ನು ನಾವು ಕಲಿಯಲಿಲ್ಲ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ವಿಷಯವೇಕೆಂದು ವಾಚಕರು ಕೇಳಬಹುದು. ಅದಕ್ಕೊಂದು ಕಾರಣವುಂಟು.

ಶ್ರೀನಿವಾಸಪುರದಲ್ಲಿ ನಮ್ಮ ಚಿಕ್ಕಪ್ಪನವರದೊಂದು ಸಣ್ಣ ಮಾವಿನ ಮಂಡಿ. ಕಳೆದ ಸುಗ್ಗಿಯಲ್ಲಿ ಹದಿನೈದು ದಿನಗಳ ಲೆಕ್ಕ ನೋಡುವಾಗ ಒಂದು ದಿನದ ಸರಕಿನಲ್ಲಿ ಇಪ್ಪತ್ತು ಕ್ರೇಟು ಕಡಮೆ ಬಂದವು. ಆ ದಿನ ಸರಕು ಹೇರಿದ ಹಮಾಲಿಯ ಮೇಲೆ ಎಲ್ಲರ ಕಣ್ಣು ಬಿದ್ದಿತು. “ಕ್ಯಾಮೆರಾ ನೋಡಿ ಸ್ವಾಮಿ, ನಾನು ತೆಗೆದಿದ್ದರೆ ಅದರಲ್ಲಿ ಇರುತ್ತೆ” ಎಂದನು ಅವನು. ನೋಡಿದರೆ ಆ ದಿನದ ಚಿತ್ರವೇ ಇಲ್ಲ! ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ ಆದುದರಿಂದ, ಕ್ಯಾಮೆರಾ ಕೂಡಿಸಿದವರು ಕೊಟ್ಟ ಕಾಗದವನ್ನು ಚಿಕ್ಕಪ್ಪ ನನ್ನ ಕೈಗಿತ್ತು, “ಇದರಲ್ಲಿ ಏನು ಬರೆದಿದೆ ನೋಡಪ್ಪ” ಎಂದರು. ಅಂದಿನಿಂದ ಆರಂಭವಾದ ಅಭ್ಯಾಸದ ಫಲವೇ ಈ ಲೇಖನ.

ಮೊದಲು ‘ಸಿಸಿಟಿವಿ’ ಎಂಬ ಹೆಸರು. ದೂರದರ್ಶನದ ಚಿತ್ರವನ್ನು ಯಾರು ಬೇಕಾದರೂ ಹಿಡಿಯಬಹುದು. ಇದರ ಚಿತ್ರ ಗೊತ್ತಾದ ಪರದೆಗಳಿಗೆ ಮಾತ್ರ ಹೋಗುತ್ತದೆ. ಆದಕಾರಣ ಇದು ಮುಚ್ಚಿದ ಮಂಡಲ. 1942ರಲ್ಲಿ ಜರ್ಮನಿಯವರು ರಾಕೆಟ್ಟಿನ ಉಡಾವಣೆಯನ್ನು ದೂರದಿಂದ ನೋಡಲು ಇಂತಹ ಏರ್ಪಾಡನ್ನು ಮಾಡಿಕೊಂಡಿದ್ದರು.

ಪಿಕ್ಸೆಲ್ ಎಂದರೆ ಚಿತ್ರದ ಒಂದು ಚುಕ್ಕಿ. ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕಿಗಳಿದ್ದರೆ ಒಟ್ಟು ಸುಮಾರು 20 ಲಕ್ಷ. ಅದೇ 2 ಮೆಗಾಪಿಕ್ಸೆಲ್. ಸೆಕೆಂಡಿಗೆ ಇಂತಹ ಎಷ್ಟು ಚಿತ್ರಗಳೆಂಬುದು ಫ್ರೇಮ್ ರೇಟ್. ಇವೆಲ್ಲವನ್ನೂ ಇದ್ದಂತೆಯೇ ಶೇಖರಿಸಲು ಯಾವ ಪೆಟ್ಟಿಗೆಯೂ ಸಾಲದು. ಕದಲದ ಗೋಡೆಯನ್ನು ಮತ್ತೆ ಮತ್ತೆ ಬರೆಯದೆ, ಬದಲಾದುದನ್ನು ಮುಖ್ಯವಾಗಿ ಬರೆದುಕೊಳ್ಳುವ ಉಪಾಯಕ್ಕೆ ಕಂಪ್ರೆಷನ್ ಎನ್ನುವರು. 2003ರ ‘ಎಚ್.264’ ಕ್ರಮಕ್ಕಿಂತ 2013ರ ‘ಎಚ್.265’ ಕ್ರಮಕ್ಕೆ ಅದೇ ಗುಣದ ಚಿತ್ರಕ್ಕೆ ಸುಮಾರು ಅರ್ಧದಷ್ಟು ಸ್ಥಳ ಸಾಕು.

ಹೀಗೆ ಕುಗ್ಗಿಸಿದ ಮೇಲೆ ಸೆಕೆಂಡಿಗೆ ಬರೆಯುವ ಮೊತ್ತವೇ ಬಿಟ್ ರೇಟ್. ನಮ್ಮ ಮಂಡಿಯ ಗುಟ್ಟು ಇಲ್ಲಿತ್ತು. ಪ್ರತಿ ಕ್ಯಾಮೆರಾಗೆ ಸೆಕೆಂಡಿಗೆ 2 ಮೆಗಾಬಿಟ್ ಎಂದು ಇಟ್ಟಿದ್ದರು. 8 ಬಿಟ್ಟಿಗೆ 1 ಬೈಟ್. ಅಲ್ಲಿಗೆ ಕಾಲು ಮೆಗಾಬೈಟ್ ಆಯಿತು. ದಿನಕ್ಕೆ 86,400 ಸೆಕೆಂಡು, ಗುಣಿಸಿದರೆ 21.6 ಗಿಗಾಬೈಟ್. ನಾಲ್ಕು ಕ್ಯಾಮೆರಾಗಳಿಗೆ 86.4. ಕಾಗದದಲ್ಲಿದ್ದ ಹಾರ್ಡ್ ಡಿಸ್ಕ್ 1 ಟೆರಾಬೈಟ್, ಎಂದರೆ 1,000 ಗಿಗಾಬೈಟ್. ಭಾಗಿಸಿದರೆ ಹನ್ನೊಂದೂವರೆ ದಿನ! ಡಿಸ್ಕು ತುಂಬಿದೊಡನೆ ಯಂತ್ರವು ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ, ಇದೇ ಓವರ್‌ರೈಟ್. ನಾವು ನೋಡಿದ್ದು ಹದಿನೈದನೆಯ ದಿನ.

ಜನ ಹೆಚ್ಚಾಗಿ ಸೇರುವ ಸಂಸ್ಥೆಗಳು ಚಿತ್ರಗಳನ್ನು 30 ದಿನ ಉಳಿಸಬೇಕೆಂದು ಸಾರ್ವಜನಿಕ ಸುರಕ್ಷತೆಗಾಗಿ 2017ರಲ್ಲಿ ನಮ್ಮ ರಾಜ್ಯ ಮಾಡಿದ ಕಾಯಿದೆ ಹೇಳುತ್ತದೆ. ಮೇಲಿನ ಲೆಕ್ಕದಲ್ಲಿ 30 ದಿನಕ್ಕೆ ಸುಮಾರು 2.6 ಟೆರಾಬೈಟ್ ಬೇಕು.

ಇನ್ನು ಜಾಲದ ಮಾತುಗಳು. ಕ್ಯಾಮೆರಾದ ಚಿತ್ರವನ್ನು ತಂತಿಯಲ್ಲಿ ತರಿಸಿಕೊಂಡು ತಾನೇ ಕುಗ್ಗಿಸಿ ಬರೆಯುವುದು ಡಿವಿಆರ್. ಕ್ಯಾಮೆರಾವೇ ಕುಗ್ಗಿಸಿ ಜಾಲದ ಮೂಲಕ ಕಳುಹಿಸಿದ್ದನ್ನು ಬರೆದುಕೊಳ್ಳುವುದು ಎನ್‌ವಿಆರ್. ಜಾಲದ ಒಂದೇ ತಂತಿಯಲ್ಲಿ ಚಿತ್ರವೂ ವಿದ್ಯುತ್ತೂ ಹರಿಯುವ ಏರ್ಪಾಡು ಪಿಒಇ; ಸಾಮಾನ್ಯವಾಗಿ ತಂತಿಯ ಮಿತಿ 100 ಮೀಟರ್. ಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸವುಂಟು. 192.168 ಎಂದು ಮೊದಲಾಗುವ ವಿಳಾಸಗಳು ಒಳಜಾಲಕ್ಕೆ ಮೀಸಲು. ಕೋಟೆ ಬೀದಿ ಹಲವು ಊರುಗಳಲ್ಲಿರುವಂತೆ, ಒಂದೇ ವಿಳಾಸ ಮಾಲೂರಿನ ಕಾರ್ಖಾನೆಯಲ್ಲೂ ಮುಳಬಾಗಿಲಿನ ಅಂಗಡಿಯಲ್ಲೂ ಇರಬಹುದು. ಒಂದೇ ಜಾಲದಲ್ಲಿ ಎರಡಿದ್ದರೆ ಮಾತ್ರ ಗೊಂದಲ.

ಕೊನೆಯದು ಪಾಸ್‌ವರ್ಡ್. ಕಾರ್ಖಾನೆಯಿಂದ ಬಂದದ್ದನ್ನೇ ಉಳಿಸಿಕೊಂಡರೆ ಮನೆಗೆ ಬೀಗ ಹಾಕಿ ಕೀಲಿಯನ್ನು ಬಾಗಿಲಲ್ಲೇ ಬಿಟ್ಟಂತೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಅಂತಹ ಸಾವಿರಾರು ಕ್ಯಾಮೆರಾ, ರೆಕಾರ್ಡರುಗಳನ್ನು ವಶಮಾಡಿಕೊಂಡಿತು. ಅವುಗಳ ದಾಳಿಯಿಂದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಅನೇಕ ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ಸಿಗದಾದವು.

ಈಗ ನಮ್ಮ ಮಂಡಿಯಲ್ಲಿ 4 ಟೆರಾಬೈಟ್ ಡಿಸ್ಕು ಇದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ! ಆ ಹಮಾಲಿ ತೆಗೆದನೋ ಇಲ್ಲವೋ ಇಂದಿಗೂ ನಮಗೆ ತಿಳಿಯದು. ಅವನು ಮಾತು ಕೇಳಲಾರದೆ ಕೆಲಸ ಬಿಟ್ಟು ಹೋದನು. ಕಾಗದದ ಆ ಒಂದು ಸಾಲನ್ನು ಮೊದಲೇ ಓದಿಕೊಂಡಿದ್ದರೆ, ಹನ್ನೊಂದು ದಿನದೊಳಗೆ ಲೆಕ್ಕ ನೋಡಿಯಾದರೂ ಅವನ ಮಾತನ್ನು ಪರೀಕ್ಷಿಸಬಹುದಾಗಿತ್ತು. ಆದ್ದರಿಂದ ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ: ನಿಮ್ಮ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಕ್ಯಾಮೆರಾ ಇದ್ದರೆ, ಚಿತ್ರ ಎಷ್ಟು ದಿನ ಉಳಿಯುವುದೆಂದು ಈ ರಜೆಯಲ್ಲಿ ಲೆಕ್ಕಹಾಕಿ ಹಿರಿಯರಿಗೆ ತಿಳಿಸಿರಿ. ಲೇಖನದಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕು.