ತಿಂಗಳು ತುಂಬದ ಮಗುವಿನ ಕಣ್ಣು

ಶಿಶುವು ಸಾಮಾನ್ಯವಾಗಿ 40 ವಾರಗಳ ಕಾಲ ತಾಯಿಯ ಗರ್ಭದಲ್ಲಿ ಬೆಳೆಯುತ್ತದೆ. 37 ವಾರ ತುಂಬುವ ಮೊದಲೇ ಜನಿಸಿದ ಶಿಶುವಿನ ಜನನವನ್ನು ಅಕಾಲ ಜನನವೆನ್ನುವರು. ಇಂತಹ ಶಿಶುವಿನ ಕಣ್ಣು ಹೊರನೋಟಕ್ಕೆ ಪೂರ್ಣವಾಗಿಯೇ ತೋರುತ್ತದೆ. ಒಳಗಿನ ಕೆಲಸ ಮಾತ್ರ ಇನ್ನೂ ಮುಗಿದಿರುವುದಿಲ್ಲ.

ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ತೆಳುಪೊರೆಯೇ ಅಕ್ಷಿಪಟಲ. ಇದರ ರಕ್ತನಾಳಗಳು ಗರ್ಭದ ಸುಮಾರು 16ನೆಯ ವಾರದಲ್ಲಿ ದೃಷ್ಟಿನರದ ಬುಡದಿಂದ ಹೊರಟು, ಬಳ್ಳಿಯಂತೆ ಅಂಚಿನೆಡೆಗೆ ಹಬ್ಬುತ್ತವೆ. ಮೂಗಿನ ಬದಿಯ ಅಂಚನ್ನು ಸುಮಾರು 36ನೆಯ ವಾರಕ್ಕೂ, ಕಿವಿಯ ಬದಿಯ ಅಂಚನ್ನು ಸುಮಾರು 40ನೆಯ ವಾರಕ್ಕೂ ಮುಟ್ಟುತ್ತವೆ. 28ನೆಯ ವಾರದಲ್ಲಿಯೇ ಹುಟ್ಟಿದ ಶಿಶುವಿನಲ್ಲಿ ಈ ಬಳ್ಳಿಯು ಇನ್ನೂ ನಡುದಾರಿಯಲ್ಲಿರುತ್ತದೆ.

ಇದರಿಂದ ಒದಗುವ ಅಂಧತ್ವವನ್ನು 1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಥಿಯೊಡೋರ್ ಟೆರಿಯವರು ಮೊದಲು ವರ್ಣಿಸಿದರು. ಕಾರಣವೇನು? 1951ರಲ್ಲಿ ಆಸ್ಟ್ರೇಲಿಯದ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಅವರ ಸಂಶಯವು, ಶಿಶುವಿನ ಪ್ರಾಣವುಳಿಸಲು ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕದ ಮೇಲೆಯೇ ಬಿದ್ದಿತು. 1953-54ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಕೂಡಿ ನಡೆಸಿದ ಪರೀಕ್ಷೆಯಿಂದ ಆ ಸಂಶಯವು ನಿಜವೆಂದು ಸಿದ್ಧವಾಯಿತು. ಆದರೆ ಆಮ್ಲಜನಕವನ್ನು ಮಿತಿಮೀರಿ ಕಡಿಮೆ ಮಾಡಿದಾಗ ಶಿಶುಮರಣಗಳು ಹೆಚ್ಚಿದುವು. ಆದುದರಿಂದಲೇ ಇಂದು ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನು ಎಡೆಬಿಡದೆ ಗಮನಿಸುತ್ತ, ಬೇಕಾದಷ್ಟನ್ನೇ ಕೊಡುತ್ತಾರೆ.

ಆಮ್ಲಜನಕವು ಕಣ್ಣನ್ನು ಕೆಡಿಸುವ ಬಗೆ ಹೇಗೆ? ಅದು ಅತಿಯಾದರೆ ನಾಳಗಳ ಬೆಳವಣಿಗೆ ನಿಲ್ಲುತ್ತದೆ. ಕೆಲವು ವಾರಗಳ ತರುವಾಯ, ರಕ್ತ ಮುಟ್ಟದ ಭಾಗವು ಆಮ್ಲಜನಕಕ್ಕಾಗಿ ಹಸಿದು, ನಾಳಗಳನ್ನು ಬೆಳೆಸುವ ರಾಸಾಯನಿಕವನ್ನು ಮಿತಿಮೀರಿ ಸ್ರವಿಸುತ್ತದೆ. ಆಗ ದುರ್ಬಲವಾದ ನಾಳಗಳು ಅಡ್ಡಾದಿಡ್ಡಿಯಾಗಿ ಹುಟ್ಟುತ್ತವೆ. ಅವುಗಳೊಡನೆ ಬೆಳೆದ ಗಾಯದ ಎಳೆಗಳು ಬಿಗಿದು, ಅಕ್ಷಿಪಟಲವನ್ನೇ ಅದರ ಸ್ಥಾನದಿಂದ ಕಳಚಬಲ್ಲವು. ಆಮ್ಲಜನಕವೊಂದೇ ಕಾರಣವಲ್ಲ, ಶಿಶುವು ಹುಟ್ಟಿದ ವಾರವೂ ಅದರ ತೂಕವೂ ಕಡಿಮೆಯಾದಷ್ಟು ಅಪಾಯವು ಹೆಚ್ಚು.

ಈ ರೋಗದ ಆರಂಭದಲ್ಲಿ ಹೊರಗಿನ ಕುರುಹು ಯಾವುದೂ ಕಾಣದು. ನೇತ್ರವೈದ್ಯರು ಪಾಪೆಯನ್ನು ಹಿಗ್ಗಿಸಿ ನೋಡಬೇಕು. ಭಾರತದಲ್ಲಿ 34 ವಾರಕ್ಕೆ ಮೊದಲು ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದಲ್ಲಿ ಜನಿಸಿದ ಶಿಶುವಿಗೆ, ಹುಟ್ಟಿದ 30 ದಿನಗಳೊಳಗೆ ಈ ಪರೀಕ್ಷೆ ಆಗಬೇಕೆಂಬ ನಿಯಮವಿದೆ. ತೀರ ಸಣ್ಣ ಶಿಶುಗಳಿಗೆ ಇನ್ನೂ ಬೇಗ. ತಜ್ಞರಿಲ್ಲದ ಊರುಗಳಲ್ಲಿಯೂ ಶಿಶುಗಳ ಕಣ್ಣಿನ ಚಿತ್ರ ತೆಗೆದು, ದೂರದ ವೈದ್ಯರಿಗೆ ಕಳುಹಿಸುವ ಯೋಜನೆಯು 2008ರಲ್ಲಿ ಬೆಂಗಳೂರಿನಿಂದ ಆರಂಭವಾಯಿತು. ಸಕಾಲದಲ್ಲಿ ಕಂಡುಹಿಡಿದರೆ ಲೇಸರ್ ಕಿರಣಗಳಿಂದಲೋ ಚುಚ್ಚುಮದ್ದಿನಿಂದಲೋ ಬಹುಮಟ್ಟಿಗೆ ದೃಷ್ಟಿಯನ್ನುಳಿಸಬಹುದು. ಅಕ್ಷಿಪಟಲವು ಪೂರ್ಣವಾಗಿ ಕಳಚಿದ ಮೇಲೆ ಅದು ಬಲು ಕಷ್ಟ. ಮಗುವು ಚೆನ್ನಾಗಿ ಹಾಲು ಕುಡಿದು ತೂಕ ಪಡೆಯುತ್ತಿದೆಯೆಂದು ಮನೆಯವರು ನಿಶ್ಚಿಂತರಾಗಿರುವ ದಿನಗಳೇ ಆ ಮೊದಲ ತಿಂಗಳ ದಿನಗಳು. ಅವು ಕಳೆಯುವ ಮುನ್ನವೇ ಕಣ್ಣಿನ ಪರೀಕ್ಷೆಯಾಗಬೇಕೆಂಬುದನ್ನು ಮರೆಯಬಾರದು.